ಅಂಕಣದ ಬದಿಯ ಚೀಲ

ಕೊಯ್ಲಾದ ಗದ್ದೆಗೆ ಸುಣ್ಣದ ಗೆರೆ ಎಳೆದು, ಕಂಬಕ್ಕೆ ಟ್ಯೂಬ್‌ಲೈಟ್ ಕಟ್ಟಿದರೆ ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಶುರು. ರಿಪ್ಪನ್‌ಪೇಟೆ, ಕೋಣಂದೂರು, ಆನಂದಪುರ... ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳಲ್ಲಿ ನಾನು ಆಡದ ಊರು ಕಡಿಮೆ. ತೀರ್ಪುಗಾರರಿದ್ದರು, ಮೈಕಿನವರಿದ್ದರು, ಗೆದ್ದವರಿಗೆ ಬಾಳೆಗೊನೆಯೂ ಇತ್ತು. ಬಿದ್ದವನನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ.

1986ರಲ್ಲಿ ದಾಳಿಗೆ ಹೋದ ನನ್ನ ಪಾದವನ್ನು ಎದುರಿನವರು ಹಿಡಿದರು. ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಒಳಗೆ ಟಕ್ ಎಂದದ್ದು ನನಗೇ ಕೇಳಿಸಿತು. ಬಿಸಿ ಎಣ್ಣೆ ಹಚ್ಚಿ ನೀವಿದರು, ಸುಣ್ಣ-ಬೆಲ್ಲದ ಪಟ್ಟು ಹಾಕಿದರು, ಬಿಗಿದು ಕಟ್ಟಿ ಉಳಿದ ಆಟ ಆಡಿಸಿದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟಿ ಅಲುಗದಂತೆ ಮಾಡುವ ನಾಟಿ ವೈದ್ಯರ ಕೈಗುಣವನ್ನೂ ಕಂಡವನು ನಾನು. ಆದರೆ ಲಿಗಮೆಂಟ್ ಹರಿದ ಹೊಸದರಲ್ಲಿ ನೀವಿದರೆ, ಬಿಸಿ ಕೊಟ್ಟರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ ಎಂದು ಹೇಳಿಕೊಟ್ಟವರಿರಲಿಲ್ಲ. ಮತ್ತೆ ನಾನು ದಾಳಿಗೆ ಇಳಿಯಲಿಲ್ಲ.

ಬಿ.ಪಿ.ಇಡಿ. ಓದಿ ಪಿ.ಟಿ. ಮೇಷ್ಟ್ರಾದೆ. ಶಾಲಾ ಕ್ರೀಡಾಕೂಟ ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಹುಲಿಕಲ್, ಆಗುಂಬೆಯ ಮಳೆ ಬಿಡದ ಹೊತ್ತಿನಲ್ಲಿ. ಕೆಸರಿನಲ್ಲಿ ಜಾರಿ ಕಾಲು ಉಳುಕಿದ ಮಕ್ಕಳಿಗೆ ನನ್ನ ಚೀಲದಲ್ಲಿದ್ದದ್ದು ಕ್ರೇಪ್ ಬ್ಯಾಂಡೇಜು, ಕ್ಯಾಂಡಿ ಅಂಗಡಿಯಿಂದ ಥರ್ಮಾಸಿನಲ್ಲಿ ತಂದ ಐಸು. ಶೀತವಾಗುತ್ತದೆಂದು ತಾಯಂದಿರಿಂದ ಬೈಸಿಕೊಂಡದ್ದೂ ಉಂಟು.

2014ರಲ್ಲಿ ಟಿ.ವಿ.ಗೆ ಪ್ರೊ ಕಬಡ್ಡಿ ಬಂತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಚೀಲ ಹಿಡ್ಕೊಂಡು ಓಡಿ ಬರ್ತಾರಲ್ಲ, ಅವ್ರು ಏನು ಓದಿರ್ತಾರೆ?" ಅಮೆರಿಕದಲ್ಲಿ ಈ ಕೆಲಸಕ್ಕೆ ಅಥ್ಲೆಟಿಕ್ ಟ್ರೈನರ್ ಎಂಬ ಬೇರೆಯೇ ಪದವಿ, ಪರೀಕ್ಷೆ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಫಿಸಿಯೋಥೆರಪಿಯೇ ದಾರಿ. ಅವಳು ಆ ದಾರಿ ಹಿಡಿದಳು. ನಾಲ್ಕು ವರ್ಷ ಓದಿ, ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿದಳು.

ಕಳೆದ ಚಳಿಗಾಲದಲ್ಲಿ ಅಂಕಣದ ಬದಿಯಲ್ಲಿ ಅವಳು ಕೂತಿದ್ದಳು. ಆಟಗಾರನೊಬ್ಬ ಕಾಲು ಹಿಡಿದು ಕುಸಿದ. ಅವಳು ಪಾದದ ಗಂಟಿನ ಮೂಳೆಯ ಹಿಂಬದಿ ಒತ್ತಿ ನೋಡಿದಳು, ನಾಲ್ಕು ಹೆಜ್ಜೆ ನಡೆಯಲು ಹೇಳಿದಳು. ಅಲ್ಲಿ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್‌ರೇ ಬೇಕು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಕೊಟ್ಟ ಕ್ರಮವಿದು. ಹುಡುಗನಿಗೆ ಮೂರನೆಯ ಹೆಜ್ಜೆ ಬರಲಿಲ್ಲ. ಫೈನಲ್ ಇದೆ, ಬಿಗಿದು ಕಟ್ಟಿಕೊಡಿ ಎಂದು ನಾಯಕ ಗೋಗರೆದ. "ಇಲ್ಲ, ಇವತ್ತು ಆಡೋ ಹಾಗಿಲ್ಲ" ಎಂದಳು. ಯಾರೂ ಎದುರಾಡಲಿಲ್ಲ. ನನ್ನ ಕಣ್ಣು ತುಂಬಿತು. 1986ರ ಆ ರಾತ್ರಿ ನನಗೆ ಇಷ್ಟು ಹೇಳುವವರು ಒಬ್ಬರು ಬೇಕಿತ್ತು.

ಆ ರಾತ್ರಿ ಅವಳು ದುಡ್ಡು ತೆಗೆದುಕೊಳ್ಳಲಿಲ್ಲ, ಯಾರೂ ಕೊಡಲೂ ಇಲ್ಲ. ಮೂರೂ ತಾಲ್ಲೂಕಿನ ಸಂಘಟಕರಲ್ಲಿ ನನ್ನ ಕೋರಿಕೆ: ಕರಪತ್ರಕ್ಕೆ ಬಹುಮಾನದ ಮೊತ್ತ ಬರೆಸುವ ಮೊದಲೇ ಈ ಕೆಲಸದ ಸಂಭಾವನೆಯನ್ನು ತೆಗೆದಿಡಿ.