ಡಿ ಕೀ ಮೇಲಿನ ಮುಚ್ಚಳ

ದೀಪಾವಳಿಯ ಮಾರನೆಯ ದಿನ ಸೋದರಮಾವ ನನ್ನ ಕಂಪ್ಯೂಟರ್ ಮುಂದೆ ಕೂತು ಸಕಲೇಶಪುರದಿಂದ ಗಾಡಿ ಬಿಟ್ಟರು. ದೋಣಿಗಲ್ ದಾಟಿತು. ಒಂದು ತಿರುವು, ಒಂದು ಸೇತುವೆ, ಇನ್ನೊಂದು ತಿರುವು. ಮಾವ ಕನ್ನಡಕ ಸರಿಪಡಿಸಿಕೊಂಡು ಪರದೆಗೆ ಹತ್ತಿರ ಬಾಗಿದರು, ಬ್ರೇಕ್ ಹಾಕಿದರು. ಘಾಟಿಯ ಇಳಿಜಾರು, ಭರ್ತಿ ಗಾಡಿ, ಅಷ್ಟು ಬೇಗ ಎಲ್ಲಿ ನಿಂತೀತು? ಎಂಜಿನ್ ತಣ್ಣಗೆ ಮುಂದೆ ಸಾಗಿ ಹುಲ್ಲಿನ ಮೇಲೆ ಇಳಿದು ಮಗುಚಿತು.

"ಹಳಿ ಎಲ್ಲೋ?" ಅಂದರು ಮಾವ.

ನನ್ನ ಬಾಯಿಂದ ತಕ್ಷಣ ಬಂದ ಉತ್ತರ: "ಕಂಪ್ಯೂಟರ್ ಕೈಕೊಟ್ಟಿದೆ ಮಾವ. ಫೈಲ್ ಕೆಟ್ಟಿರಬೇಕು."

ಅದು ಸುಳ್ಳು. ಹೇಳುವಾಗ ಅದು ಸುಳ್ಳೆಂದು ನನಗೆ ಅರ್ಧ ಗೊತ್ತಿತ್ತು. ಉಳಿದರ್ಧ ಸಂಜೆಯೊಳಗೆ ಗೊತ್ತಾಯಿತು.

ಹಗಲೆಲ್ಲ ಲೆಕ್ಕಪತ್ರ ನೋಡುವ ನನಗೆ ರಾತ್ರಿಯ ಹುಚ್ಚು ರೈಲು. ಆಸ್ಟ್ರೇಲಿಯಾದ ಬ್ರಿಸ್ಬೇನಿನ ಆರನ್ ಕಂಪನಿ 2001ರಲ್ಲಿ ತಂದ 'ಟ್ರೇನ್ಜ್' ಎಂಬ ಸಿಮ್ಯುಲೇಟರ್ ಇದೆ. ಅದರಲ್ಲಿ ರೈಲು ಓಡಿಸುವುದು ಒಂದು ಭಾಗವಾದರೆ, 'ಸರ್ವೇಯರ್' ಎಂಬ ಎಡಿಟರಿನಲ್ಲಿ ಗುಡ್ಡ ಎಬ್ಬಿಸಿ, ಮರ ನೆಟ್ಟು, ಹಳಿ ಹಾಸಿ ನಮ್ಮದೇ ಮಾರ್ಗ ಕಟ್ಟುವುದು ಇನ್ನೊಂದು ಭಾಗ. ನಾನು ಕಟ್ಟಲು ಹೊರಟಿದ್ದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ: 55 ಕಿಲೋಮೀಟರ್, 57 ಸುರಂಗ, 109 ಸೇತುವೆ. ಮಾವನಿಗೆ ತೋರಿಸಬೇಕೆಂಬ ಆಸೆ. ಅವರು ಮೀಟರ್ ಗೇಜ್ ಕಾಲದಲ್ಲಿ ಅರಸೀಕೆರೆ ಕಡೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್‌ಮನ್ ಆಗಿದ್ದವರು. ಗೇಜ್ ಬದಲಿಸಲೆಂದು 1996ರಲ್ಲಿ ಘಾಟಿಯ ಗಾಡಿಗಳು ನಿಂತ ಮೇಲೆ, 2007ರಲ್ಲಿ ಪ್ರಯಾಣಿಕರ ರೈಲು ಮತ್ತೆ ಶುರುವಾದರೂ, ಮಂಡಿನೋವಿನಿಂದಾಗಿ ಆ ದಾರಿಯಲ್ಲಿ ಹೋಗಲು ಅವರಿಗೆ ಆಗಿರಲಿಲ್ಲ.

ಸರ್ವೇಯರ್‌ನಲ್ಲಿ ನೆಲವೆಂದರೆ 720 ಮೀಟರ್ ಚದರದ ಹಲಗೆಗಳು. 55 ಕಿಲೋಮೀಟರಿಗೆ ಉದ್ದಕ್ಕೆ ಒಂದೇ ಸಾಲು ಜೋಡಿಸಿದರೂ 77 ಹಲಗೆ ಬೇಕು. ಘಾಟಿಯ ಕಣಿವೆ ಕಾಣಬೇಕಾದರೆ ಅಕ್ಕಪಕ್ಕಕ್ಕೂ ಬೇಕು. ಮೌಸ್ ಹಿಡಿದು ಮೆನುವಿನಿಂದ ಮೆನುವಿಗೆ ಅಲೆದರೆ ಜನ್ಮ ಸಾಲದು ಅನ್ನಿಸಿ, ಶಾರ್ಟ್‌ಕಟ್ ಕೀಗಳನ್ನು ಮಗ್ಗಿಯ ಹಾಗೆ ಉರು ಹೊಡೆದೆ. ಎಫ್‌1 ನೆಲದ ಏರಿಳಿತಕ್ಕೆ, ಎಫ್‌2 ಬಣ್ಣಕ್ಕೆ, ಎಫ್‌3 ಮರ ಮನೆಗಳಂಥ ವಸ್ತುಗಳಿಗೆ, ಎಫ್‌4 ಹಳಿಗೆ. ನಾನು ಬಳಸುತ್ತಿದ್ದ ಆವೃತ್ತಿಯಲ್ಲಿ ಒಳಗೆ ಹೋದ ಮೇಲೆ ಎ ಒತ್ತಿದರೆ ಸೇರಿಸುವುದು, ಎಂ ಒತ್ತಿದರೆ ಜರುಗಿಸುವುದು, ಡಿ ಒತ್ತಿದರೆ ಅಳಿಸುವುದು. ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿದೆ. ಎರಡು ತಿಂಗಳಲ್ಲಿ ಪಟ್ಟಿಯ ಕಡೆ ನೋಡುವ ಅಗತ್ಯ ಹೋಯಿತು. ಇನ್ನೊಂದು ತಿಂಗಳಲ್ಲಿ ಪರದೆಯ ಕಡೆ ನೋಡುವ ಅಭ್ಯಾಸವೂ ಹೋಯಿತು. ಎಡವಟ್ಟಾದದ್ದು ಅಲ್ಲೇ.

ಹಬ್ಬದ ಹಿಂದಿನ ರಾತ್ರಿ ಒಂದೂವರೆಗೆ ಕೊನೆಯ ಒಪ್ಪ ಮಾಡುತ್ತಿದ್ದೆ. ದೋಣಿಗಲ್ ಮತ್ತು ಕಡಗರವಳ್ಳಿ ನಡುವೆ ಹಳಿಯ ಮೇಲೆ ಕೆಲವು ಮರಗಳು ವಾಲಿಕೊಂಡಿದ್ದವು. ಎಫ್‌3, ಡಿ, ಕ್ಲಿಕ್, ಕ್ಲಿಕ್. ಮರಗಳು ಹೋದವು. ನಡುವೆ ಒಂದು ಕಡೆ ಹಳಿಯ ತಿರುವು ಸೊಟ್ಟಗೆ ಕಂಡಿತು; ಎಫ್‌4 ಒತ್ತಿ ನೇರ ಮಾಡಿದೆ. ಮತ್ತೆ ಮರಗಳಿಗೆ ಬಂದೆ ಅಂದುಕೊಂಡೆ. ಬಂದಿರಲಿಲ್ಲ. ಬೆರಳು ಎಫ್‌3ರ ಬದಲು ಪಕ್ಕದ ಎಫ್‌4 ಮೇಲೇ ಮತ್ತೊಮ್ಮೆ ಬಿದ್ದಿತ್ತು. ಡಿ ಒತ್ತಿದೆ. ಮೇಲಿನಿಂದ ನೋಡುತ್ತಿದ್ದೆನಾದ್ದರಿಂದ ಕಾಡಿನ ಹೊದಿಕೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕ್ಲಿಕ್ ಮಾಡಿದೆ, ಮರ ಹೋಗಲಿಲ್ಲ. ಕಂಪ್ಯೂಟರ್ ತೂಕಡಿಸುತ್ತಿದೆ ಅನ್ನಿಸಿ ಇನ್ನೊಮ್ಮೆ ಕ್ಲಿಕ್ ಮಾಡಿದೆ. ಆಮೇಲೆ ಸಿಟ್ಟಿನಿಂದ ಆರೇಳು ಸಲ. ಮರಗಳು ಕದಲಲಿಲ್ಲ. ಅವುಗಳ ಬುಡದಲ್ಲಿ ಹಳಿ ತುಂಡು ತುಂಡಾಗಿ ಮಾಯವಾಗುತ್ತಿತ್ತು. 'ಬೆಳಿಗ್ಗೆ ನೋಡೋಣ' ಎಂದು ಅದೇ ಹೆಸರಿನಲ್ಲಿ ಸೇವ್ ಮಾಡಿ, ಮುಚ್ಚಿ ಮಲಗಿದೆ.

ಕಂಟ್ರೋಲ್-ಝಡ್ ಇತ್ತಲ್ಲ ಎನ್ನಬಹುದು. ಇತ್ತು. ಅದು ಕೂತಿರುವಷ್ಟು ಹೊತ್ತಿನ ನೆನಪು ಮಾತ್ರ. ಎಡಿಟರ್ ಮುಚ್ಚಿದ ಮೇಲೆ ಯಾವುದನ್ನೂ ಹಿಂದಕ್ಕೆ ತರುವುದಿಲ್ಲ. ಹಳೆಯ ಪ್ರತಿ ಇಟ್ಟಿದ್ದರೆ ಬಚಾವಾಗುತ್ತಿದ್ದೆ. ಪ್ರತಿ ಸಲ ಹೊಸ ಹೆಸರು ಕೊಡುವುದಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆಂದು ಆ ಪದ್ಧತಿಯನ್ನೇ ಕೈಬಿಟ್ಟಿದ್ದೆ.

ಸಂಜೆ ಮಾವನ ಮುಂದೆ ಇಷ್ಟನ್ನೂ ಒಪ್ಪಿಕೊಂಡೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಕಂಪ್ಯೂಟರ್ ಕೈಕೊಡ್ತು ಅಂದ್ಯಲ್ಲ, ನಮ್ಮಲ್ಲಿ ಎನ್‌ಕ್ವೈರಿ ಆದಾಗಲೂ ಮೊದ್ಲು ಹಂಗೇ ಅಂತಿದ್ರು. 'ಲಿವರ್ ಬಿಗಿ ಇತ್ತು ಸಾರ್' ಅಂತ," ಎಂದರು. ಆಮೇಲೆ ಕೇಳಿದರು, "ಆ ಡಿ ಒತ್ತೋಕೆ ಮುಂಚೆ ಬಾಯಲ್ಲಿ ಏನಂದೆ?"

"ಏನೂ ಅನ್ನಲಿಲ್ಲ."

"ಅದಕ್ಕೇ ಕಣೋ."

ಕ್ಯಾಬಿನ್ನಿನ ಕೆಲಸವನ್ನು ಆವತ್ತು ಮೊದಲ ಸಲ ನನಗೆ ಬಿಡಿಸಿ ಹೇಳಿದರು. ಸಾಲಾಗಿ ನಿಂತ ಲಿವರ್‌ಗಳಿಗೆ ಬಣ್ಣ ಇರುತ್ತಿತ್ತು: ನಿಲುಗಡೆ ಸಿಗ್ನಲ್ಲಿಗೆ ಕೆಂಪು, ಗಾಡಿಯ ಹಳಿ ಬದಲಿಸುವ ಪಾಯಿಂಟಿಗೆ ಕಪ್ಪು, ಪಾಯಿಂಟಿನ ಬೀಗಕ್ಕೆ ನೀಲಿ, ಬಳಕೆಯಲ್ಲಿಲ್ಲದ್ದಕ್ಕೆ ಬಿಳಿ. ಸ್ಟೇಷನ್ ಮಾಸ್ಟರ್ ಫೋನಿನಲ್ಲಿ ಹೇಳಿದ್ದನ್ನು ಲಿವರ್‌ಮನ್ ತಿರುಗಿ ಹೇಳಬೇಕಿತ್ತು. ಆಮೇಲೆ ಕೈ ಹಾಕಬೇಕಿತ್ತು. ಎಂಜಿನ್ನಿನಲ್ಲೂ ಹಾಗೆಯೇ, ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಸಿಗ್ನಲ್ ಕಂಡಕೂಡಲೇ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಇಷ್ಟೆಲ್ಲ ಆದಮೇಲೂ ಲಿವರ್‌ಗಳ ಅಡಿಯಲ್ಲಿ ಕಬ್ಬಿಣದ ಇಂಟರ್‌ಲಾಕಿಂಗ್ ಇರುತ್ತಿತ್ತು. ಪಾಯಿಂಟ್ ಸರಿಯಾಗಿ ಕೂರದೆ ಸಿಗ್ನಲ್ ಲಿವರ್ ಎಳೆದರೆ ಅದು ಬರುತ್ತಲೇ ಇರಲಿಲ್ಲ.

"ಬರ್ಲಿಲ್ಲ ಅಂದ್ರೆ ಎಳೀಬಾರ್ದು. ನಿಂತು, ಯಾಕ್ ಬರ್ಲಿಲ್ಲ ಅಂತ ನೋಡ್ಬೇಕು. ಹೊಸಬರು ಕಾಲು ಕೊಟ್ಟು ಎಳೀತಿದ್ರು. ನೀನು ಏಳು ಸಲ ಎಳ್ದಿದೀಯ. ನಿನ್ ಕೀಬೋರ್ಡಿಗೆ ನಮ್ಮಂಗೆ ಬೀಗಾನೂ ಇಲ್ಲ."

ನನಗೆ ತಾಗಿದ್ದು ಈ ಮಾತು. ಮರ ಅಳಿಯಲಿಲ್ಲವೆಂದರೆ ನಾನು ಬೇರೆ ಕಡೆ ಇದ್ದೇನೆ ಎಂದು ಎಡಿಟರ್ ಮೊದಲ ಕ್ಲಿಕ್ಕಿಗೇ ಹೇಳಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಹೋಗುತ್ತಿದ್ದದ್ದು ಹಳಿಯ ಒಂದು ತುಂಡು. ಕಂಟ್ರೋಲ್-ಝಡ್ ಅದನ್ನು ಮರಳಿಸುತ್ತಿತ್ತು.

ಕಳೆದುಕೊಂಡ ಭಾಗವನ್ನು ಮತ್ತೆ ಕಟ್ಟಲು ಮೂರು ವಾರ ಹಿಡಿಯಿತು. ಹಳಿ ಎಳೆಯುವುದು ಸುಲಭ. ಇಳಿಜಾರು ಕೂರಿಸುವುದು ಕಷ್ಟ. ಈ ಘಾಟಿಯ ಇಳಿಜಾರು 50ಕ್ಕೆ 1. ಅಂದರೆ ಕಿಲೋಮೀಟರಿಗೆ 20 ಮೀಟರ್, ಒಂದು ಹಲಗೆ ದಾಟುವಷ್ಟರಲ್ಲಿ 14.4 ಮೀಟರ್ ಕೆಳಗೆ. ಎಡಿಟರಿನಲ್ಲಿ ಅದನ್ನು ಶೇಕಡಾ 2 ಎಂದು ತುಂಡು ತುಂಡಿಗೂ ಕೊಡಬೇಕು, ಆಮೇಲೆ ನೆಲವನ್ನು ಹಳಿಯ ಮಟ್ಟಕ್ಕೆ ಸರಿಮಾಡಬೇಕು. ಒಂದು ತುಂಡಿಗೆ ಕೊಡಲು ಮರೆತರೆ ಅಲ್ಲಿ ಮೆಟ್ಟಿಲು ಎದ್ದು ಗಾಡಿ ಕುಲುಕುತ್ತದೆ. ಮೊದಲ ಸಲ ಕಟ್ಟಿದಾಗ ಇಂಥ ಕುಲುಕುಗಳು ಎಷ್ಟಿದ್ದವೋ, ಓಡಿಸಿ ನೋಡುವ ತಾಳ್ಮೆಯೇ ನನಗಿರಲಿಲ್ಲ.

ಶಾರ್ಟ್‌ಕಟ್ ಬಿಡಲಿಲ್ಲ. ಬಿಟ್ಟರೆ 77 ಹಲಗೆ ಮುಗಿಯುವ ಮಾತಲ್ಲ. ಆದರೆ ಅವನ್ನು ಎರಡು ಗುಂಪು ಮಾಡಿದೆ. ಕ್ಯಾಮೆರಾ ತಿರುಗಿಸುವುದು, ಮರ ಸೇರಿಸುವುದು, ಬಣ್ಣ ಬಳಿಯುವುದು, ಇವೆಲ್ಲ ತಪ್ಪಾದರೂ ಕಣ್ಣಿಗೆ ಕಾಣುವ ಕೆಲಸ. ಬೆರಳು ಎಷ್ಟು ಬೇಗ ಓಡಿದರೂ ಅಡ್ಡಿಯಿಲ್ಲ. ಅಳಿಸುವುದು ಮತ್ತು ಹಳೆಯದರ ಮೇಲೆಯೇ ಸೇವ್ ಮಾಡುವುದು ಇನ್ನೊಂದು ಗುಂಪು. ಇಲ್ಲಿ ಬಾಯಿ ಮೊದಲು, ಬೆರಳು ಆಮೇಲೆ. "ಎಫ್‌3, ವಸ್ತು, ಡಿ" ಎಂದು ಗಟ್ಟಿಯಾಗಿ ಹೇಳಿಯೇ ಒತ್ತುತ್ತೇನೆ. ರಾತ್ರಿ ಹನ್ನೊಂದಕ್ಕೆ ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಹೆಂಡತಿ ಎರಡು ಸಲ ಎದ್ದು ಬಂದು ನೋಡಿದ್ದಾಳೆ. ಅಳಿಸಿ ಮುಗಿದ ತಕ್ಷಣ ಎ ಒತ್ತಿ ಡಿ ಇಂದ ಹೊರಗೆ ಬರುತ್ತೇನೆ. ಒಂದು ಕ್ಲಿಕ್ಕಿಗೆ ಅಂದುಕೊಂಡದ್ದು ಆಗದಿದ್ದರೆ ಎರಡನೆಯದು ಇಲ್ಲ. ಮೊದಲು ಕಂಟ್ರೋಲ್-ಝಡ್, ಆಮೇಲೆ ಯಾವ ಮೆನುವಿನಲ್ಲಿದ್ದೇನೆಂದು ನೋಡುವುದು. ದಿನದ ಕೆಲಸ ಆ ದಿನದ ಸಂಖ್ಯೆ ಹೊತ್ತ ಹೊಸ ಹೆಸರಿನಲ್ಲಿ ಸೇವ್ ಆಗುತ್ತದೆ. ಮಲಗುವ ಮುಂಚೆ ಅಂದು ಮುಟ್ಟಿದ ಭಾಗದ ಮೇಲೆ ಒಂದು ಎಂಜಿನ್ ಓಡಲೇಬೇಕು.

ಇನ್ನೊಂದು ಉಪಾಯ ಮಾವನಿಂದಲೇ ಬಂದದ್ದು. ಲೈನಿನಲ್ಲಿ ಗಾಡಿ ನಿಂತಿದ್ದರೆ ಆ ಲೈನಿಗೆ ಸಂಬಂಧಿಸಿದ ಲಿವರ್‌ನ ಹಿಡಿಗೆ ಕಾಲರ್ ಎಂಬ ಬಳೆ ತೊಡಿಸುತ್ತಿದ್ದರಂತೆ. ಅಭ್ಯಾಸಬಲದಿಂದ ಕೈ ಹೋದರೂ ಬಳೆ ತಗುಲಿ ನೆನಪಾಗಬೇಕು. ನನ್ನ ಕೀಬೋರ್ಡಿಗೆ ಬಳೆ ಹೊಂದಲಿಲ್ಲ. ಅಮೃತಾಂಜನದ ಪುಟ್ಟ ಸೀಸೆಯ ಮುಚ್ಚಳ ಡಿ ಮೇಲೆ ಕವುಚಿ ಕೂತಿತು. ಅಳಿಸಬೇಕಾದಾಗ ತೆಗೆಯಬೇಕು, ಆದಮೇಲೆ ಮತ್ತೆ ಮುಚ್ಚಬೇಕು. ಒಂದು ಸಲಕ್ಕೆ ಎರಡು ಸೆಕೆಂಡು ಖರ್ಚು.

ಯುಗಾದಿಗೆ ಮಾವ ಮತ್ತೆ ಬಂದರು. ಸಕಲೇಶಪುರ ಬಿಟ್ಟ ಗಾಡಿ ಗಂಟೆಗೆ 30 ಕಿಲೋಮೀಟರಿನ ಘಾಟಿಯ ವೇಗದಲ್ಲಿ ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಸಿರಿಬಾಗಿಲು ಒಂದೊಂದನ್ನೇ ದಾಟುತ್ತ ಇಳಿಯಿತು. ನಡುವೆ ಕಾಫಿ ಆಯಿತು, ಒಬ್ಬಟ್ಟೂ ಆಯಿತು. ಸಿಗ್ನಲ್ ಕಂಡಾಗಲೆಲ್ಲ ಮಾವ ತಮಗೆ ತಾವೇ ಬಣ್ಣ ಕೂಗಿಕೊಳ್ಳುತ್ತಿದ್ದರು. ಸುಬ್ರಹ್ಮಣ್ಯ ರೋಡಿನ ಪ್ಲಾಟ್‌ಫಾರ್ಮಿಗೆ ಗಾಡಿ ನಿಲ್ಲಿಸಿ ಕೈ ಚಾಚಿ ಮೈಮುರಿದಾಗ ಅವರ ಕಣ್ಣು ಕೀಬೋರ್ಡಿನ ಮೇಲಿನ ಮುಚ್ಚಳಕ್ಕೆ ಬಿತ್ತು. ತೆಗೆದು ನೋಡಿದರು, ಅಡಿಯಲ್ಲಿದ್ದ ಅಕ್ಷರ ಓದಿದರು, ಮುಚ್ಚಳವನ್ನೊಮ್ಮೆ ಮೂಸಿದರು.

ಆಮೇಲೆ ಅದನ್ನು ಅದರ ಜಾಗದಲ್ಲೇ ಕವುಚಿಟ್ಟು, ಒಂದು ಬೆರಳಿಂದ ಮೆಲ್ಲಗೆ ಅದುಮಿ, ಭದ್ರವಾಗಿ ಕೂತಿದೆಯೇ ಎಂದು ನೋಡಿದರು.