ಕಲ್ಯಾಣವೋ, ಹುಮನಾಬಾದೋ

ಪ್ಲಾಟಿನ ಮಾತು ತೆಗೆದಿರಿ, ಅದಕ್ಕೇ ಇದನ್ನು ಹೇಳುತ್ತೇನೆ ಕೇಳಿ. 2017ರ ಎಳ್ಳ ಅಮಾವಾಸ್ಯೆ ಮುಗಿದಿತ್ತು. ಹೊಲದಲ್ಲಿ ಭಜ್ಜಿ, ಕಡುಬು, ಅಂಬಲಿ ಉಂಡು ಬಂದ ನೆಂಟರು ಇನ್ನೂ ಹೋಗಿರಲಿಲ್ಲ. ಮಂಠಾಳದ ನಮ್ಮ ಕಾಕಾನ ಅಂಗಳದಲ್ಲಿ ರಾತ್ರಿ ತೊಗರಿ ಕಟ್ಟಿಗೆ ಉರಿ ಹಾಕಿಕೊಂಡು ಕೂತರೆ ಮಾತು ಒಂದೇ: ಮಗನಿಗೆ ಮನೆ ಬಸವಕಲ್ಯಾಣದಲ್ಲಿ ಹಿಡಿಯುವುದೋ, ಹುಮನಾಬಾದಿನಲ್ಲಿ ಹಿಡಿಯುವುದೋ?

ಕಾಕಾ ಮಾಸ್ತರಿಕೆಯಿಂದ ನಿವೃತ್ತನಾಗಿದ್ದ. ಕೈಗೆ ಬಂದ ಗಂಟಿನಲ್ಲಿ ಮಗಳ ಮದುವೆ ತೀರಿಸಿ ಉಳಿದಷ್ಟೇ ಬಂಡವಾಳ, ಮೇಲೆ ಮಗನ ಹೆಸರಿನಲ್ಲಿ ಬ್ಯಾಂಕಿನ ಸಾಲ. ಮಗನ ಕೆಲಸ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ. ಕಾಕುವಿನ ಜೀವ ಮಾತ್ರ ಕಲ್ಯಾಣದಲ್ಲಿ. ಅವಳ ತಂಗಿ ಇರುವುದು ಅಲ್ಲಿ, ತ್ರಿಪುರಾಂತ ಕೆರೆಯ ಕಡೆ. ಬಸವಣ್ಣನ ಗುಡಿ, ಅಕ್ಕನಾಗಮ್ಮನ ಗವಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. "ಸಾಯೋ ಮುಂದ ಕಲ್ಯಾಣದಾಗ ಇರಬೇಕ್ರಿ" ಅನ್ನುತ್ತಿದ್ದಳು.

ಮೊದಲು ನೋಡಿದ್ದು ಕಲ್ಯಾಣದ ಹಳೇ ಓಣಿಯೊಳಗಿನ ಒಂದು ಮಾಳಿಗೆ ಮನೆ. ಎಲ್ಲಕ್ಕಿಂತ ಸೋವಿ. ಕಲ್ಲಿನ ದಪ್ಪ ಗೋಡೆ, ಕಟ್ಟಿಗೆಯ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ಅಂಥ ತಂಪು ಬೇರೆಲ್ಲೂ ಸಿಗದು. ಕಾಕಾ ಅರ್ಧ ಒಪ್ಪಿದ್ದ. ಕಲ್ಯಾಣವೇ ಬೇಕು ಅನ್ನುತ್ತಿದ್ದ ಕಾಕುವೇ ಬಾಗಿಲು ದಾಟಿ ಒಳಗೆ ಬರಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕು ಅವಳಿಗೆ ನೆನಪಿತ್ತು. ಗಣಪತಿ ಕಳಿಸಿ ಮಲಗಿದ ಜನರ ಮೇಲೆ ಕಿಲ್ಲಾರಿ ಸುತ್ತಿನ ಹಳ್ಳಿಗಳಲ್ಲಿ ಭೂಕಂಪಕ್ಕೆ ಮನೆಗಳು ಕುಸಿದವು. ಸತ್ತವರು 10 ಸಾವಿರದ ಹತ್ತಿರ. ಕೊಂದದ್ದು ಇಂಥ ಗೋಡೆಗಳೇ: ಮಣ್ಣಿನಲ್ಲಿ ಕೂರಿಸಿದ ಗುಂಡುಗಲ್ಲು, ಅದರ ಮೇಲೆ ಮಾಳಿಗೆಯ ಭಾರ. ಮಂಠಾಳದಲ್ಲೂ ಅವತ್ತು ತೊಲೆ ಸಂದಿನಿಂದ ಮಣ್ಣು ಉದುರಿತ್ತು. ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಕಾಕು ಬಯಲಿಗೆ ಓಡಿದ್ದಳು. "ಸೋವಿ ಅದಾ ಅಂತ ನನ್ನ ಮಮ್ಮಗನ್ನ ಇದರ ಕೆಳಗ ಮಲಗಸಲಾ?" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಒಬ್ಬ ದಲ್ಲಾಳಿ ಸಸ್ತಾಪುರ ಬಂಗ್ಲಾದ ಕಡೆ ಪ್ಲಾಟು ತೋರಿಸಿದ. ಹೈದರಾಬಾದ್‌–ಪುಣೆ ಹೆದ್ದಾರಿಯಿಂದ ಕಲ್ಯಾಣಕ್ಕೆ ಹೊರಳುವ ಜಾಗ, ಬಸ್ಸಿಗೆ ಕಾಯುವುದೇ ಬೇಡ. ಕಾಕಾ ಕೇಳಿದ್ದು ಮೂರು: ಹೊಲವನ್ನು ಕೃಷಿಯೇತರಕ್ಕೆ ಬದಲಿಸಿದ ಎನ್‌ಎ ಆದೇಶ, ಇ-ಸ್ವತ್ತಿನ ನಮೂನೆ 9 ಮತ್ತು 11, ಹಿಂದಿನ ವರ್ಷಗಳ ಋಣಭಾರ ಪತ್ರ, ಅಂದರೆ ಇ.ಸಿ. ದಲ್ಲಾಳಿ ತೋರಿಸಿದ್ದು ಹೊಲದ ಪಹಣಿ, ಒಂದು ಬಾಂಡ್ ಪೇಪರು. "ಬಯಾನಾ ಕೊಡ್ರಿ ಮಾಸ್ತರ್, ಉಳಿದದ್ದು ಆಮ್ಯಾಗ ಆಗ್ತದ" ಅಂದ. ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವವರ ಮಾತು ಎಲ್ಲ ಕಡೆಯೂ ಇದೇ. ಕಾಕಾ ಎದ್ದು ಬಂದ. ಎಷ್ಟೋ ಓದಿದವರು ಎಡವುವ ಜಾಗದಲ್ಲಿ ಅವನು ಗಟ್ಟಿ ನಿಂತ ಅಂತ ನನಗೆ ಇವತ್ತಿಗೂ ಹೆಮ್ಮೆ.

ಉಳಿದದ್ದು ಹುಮನಾಬಾದು. ಅಲ್ಲಿ ಆಗ ರೈಲಿನದೇ ಸುದ್ದಿ. ಬೀದರ್–ಕಲಬುರಗಿ ಮಾರ್ಗ ಅದೇ ಅಕ್ಟೋಬರ್ 29ರಂದು ಉದ್ಘಾಟನೆ ಆಗಿತ್ತು. ಸ್ಟೇಷನ್ ಹತ್ತಿರ ಅಂದರೆ ಸಾಕು, ರೇಟು ಏರುತ್ತಿತ್ತು. ಮುಂದೆ ಬರುವ ಬೆಲೆಯನ್ನು ಇವತ್ತೇ ಕೊಟ್ಟು ಕೊಳ್ಳುವುದು ಹಣವಿದ್ದವರ ಆಟ. ಇರಲು ಮನೆ ಬೇಕಾದವರು ಅದಕ್ಕೆ ಬೀಳಬಾರದು. ಫ್ಯಾಕ್ಟರಿಗಳ ಮಗ್ಗುಲಲ್ಲಿ ಸೋವಿ ಸಿಗುತ್ತಿತ್ತು, ಆದರೆ ಅಲ್ಲಿನ ಜನ ವಾಸನೆ, ಬೋರಿನ ನೀರು ಎರಡರದೂ ತಕರಾರು ಹೇಳುತ್ತಿದ್ದರು.

ತಗ್ಗಿನಲ್ಲಿ ಒಂದು ಪ್ಲಾಟು ಎಲ್ಲರಿಗೂ ಮನಸ್ಸಿಗೆ ಬಂತು. ಜೊತೆಗೆ ಬಂದಿದ್ದ ಮುದುಕ ಗೌಂಡಿ ಪ್ಲಾಟನ್ನು ಬಿಟ್ಟು ಪಕ್ಕದ ಮನೆಯ ಗೋಡೆ ನೋಡುತ್ತ ನಿಂತ. ಕಿಡಕಿಯ ಮೂಲೆಯಿಂದ ಬುನಾದಿವರೆಗೆ ಓರೆಯಾಗಿ ಬಿರುಕು. "ಎರಿ ಮಣ್ಣದ್ರಿ. ಮಳಿಗಿ ಉಬ್ಬತದ, ಬ್ಯಾಸಿಗಿಗಿ ಕುಗ್ಗತದ. ಮುರುಮು ಸಿಗೋತನಾ ತೋಡಬೇಕು. ಪ್ಲಾಟಿನಾಗ ಉಳದ ರೊಕ್ಕ ಎಲ್ಲಾ ಬುನಾದಿಗೇ ಹೋಗ್ತದ" ಅಂದ. ಹುಮನಾಬಾದಿನ ಸುತ್ತ ಎರಡೂ ನಮೂನೆ ನೆಲವಿದೆ, ದಿನ್ನೆಯಲ್ಲಿ ಕೆಂಪು ಮುರುಮು, ತಗ್ಗಿನಲ್ಲಿ ಕರಿ ಎರಿ. ರೇಟು ಹೇಳುವವರು ಇದನ್ನು ಹೇಳುವುದಿಲ್ಲ.

ಇಷ್ಟು ಓಡಾಟದಲ್ಲಿ ಸೊಸೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳಿಸಿದ್ದು ಸರ್ಕಾರದ ಕಾಗದ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆಗ ಪಟ್ಟಣದವರ 6 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 6.5 ಸಬ್ಸಿಡಿ ಇತ್ತು. ಕಡಿಮೆ ಆದಾಯದ ಕುಟುಂಬವಾದರೆ ಮನೆ ಹೆಂಗಸಿನ ಹೆಸರಿಗಿರಬೇಕು, ಇಲ್ಲವೇ ಅವಳ ಹೆಸರೂ ಕೂಡಿರಬೇಕು. ಬ್ಯಾಂಕಿನವರು ಇದನ್ನು ಹೇಳಿದ ರಾತ್ರಿ ಕಾಕಾ ಸೊಸೆಯನ್ನು ಕರೆದು ಕೂರಿಸಿಕೊಂಡ. "ನಿನ್ನ ಹೆಸರಲೇ ಆಗೋ ಮನಿ ಅದಾ ತಾಯಿ, ಎಲ್ಲಿ ಬೇಕು ಹೇಳು."

ಅವಳು ತಡಮಾಡಲಿಲ್ಲ. "ಹುಮನಾಬಾದ ಊರೊಳಗ ಇರಲಿ ಮಾವಾ. ಇವರದು ರಾತ್ರಿ ಪಾಳಿ ಇರ್ತದ. ಕೂಸಿಗಿ ಜ್ವರ ಬಂದ್ರ ನಾ ಒಬ್ಬಾಕಿನೇ ದವಾಖಾನಿಗಿ ನಡಕೊಂಡು ಹೋಗಂಗಿರಬೇಕು. ಖೋಲಿ ಎರಡೇ ಇದ್ರೂ ನಡೀತದ."

ಕಾಕು ಬಹಳ ಹೊತ್ತು ಸುಮ್ಮನಿದ್ದು, "ಖರೇ ಹೇಳ್ತಾಳ" ಅಂದಳು.

ಪುರಸಭೆ ಹದ್ದಿನೊಳಗೆ, ಮುರುಮಿನ ದಿನ್ನೆಯಲ್ಲಿ, ಎರಡು ಖೋಲಿಯ ಆರ್‌ಸಿಸಿ ಮನೆ ಸಿಕ್ಕಿತು. ಕಂಪೌಂಡ್ ಇಲ್ಲ, ಮೇಲೆ ಹತ್ತಲು ಮೆಟ್ಟಿಲಿಲ್ಲ. ಅವನ್ನೆಲ್ಲ ಆಮೇಲೆ ಒಂದೊಂದಾಗಿ ಕಟ್ಟಿಸಿಕೊಂಡರು. ಸಬ್ಸಿಡಿ ತಡವಾಗಿ ಜಮಾ ಆಯಿತು, ಕಂತು ಇಳಿಯಿತು. ಕಾಕು ಶ್ರಾವಣ ಬಂತೆಂದರೆ ಕಲ್ಯಾಣದ ಬಸ್ ಹತ್ತಿ ತಂಗಿಯ ಮನೆಗೆ ಹೋಗಿ ತಿಂಗಳು ಇದ್ದು ಬರುತ್ತಾಳೆ.