ಓದಿದ್ದು, ನೋಡಿದ್ದು

ಚಿತ್ರಮಂದಿರದಿಂದ ಹೊರಗೆ ಕಾಲಿಡುತ್ತಿದ್ದಂತೆಯೇ “ಕಾದಂಬರಿಯ ಮುಂದೆ ಇದೇನೂ ಅಲ್ಲ ಬಿಡಿ” ಎನ್ನುವವರೊಬ್ಬರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ನಮ್ಮ ಸಂಘದ ಬಳಗದಲ್ಲೂ ಇದ್ದಾರೆ. ಹೆಸರು ಹೇಳುವುದಿಲ್ಲ, ಇದನ್ನು ಓದಿದ ಕೂಡಲೇ ಅವರಿಗೇ ಗೊತ್ತಾಗುತ್ತದೆ. ಅವರೊಡನೆ ನನ್ನ ತಕರಾರು ಇಂದು ನಿನ್ನೆಯದಲ್ಲ. 1974ರಲ್ಲಿ ತೀರ್ಥಹಳ್ಳಿಯ ಕಡೆಯಿಂದ ಬಂದು ಈ ಮುಂಬಯಿಯಲ್ಲಿ ಬ್ಯಾಂಕಿನ ಲೆಡ್ಜರಿಗೆ ಅಂಟಿಕೊಂಡವನು ನಾನು. ಸಿನಿಮಾದ ಹುಚ್ಚು ಊರಿನಿಂದಲೇ ಕಟ್ಟಿಕೊಂಡು ಬಂದ ಬುತ್ತಿ. ಪುಸ್ತಕದ ಹುಚ್ಚು ಆಮೇಲಿನದು. ಅದು ಬಂದದ್ದಾದರೂ ಸಿನಿಮಾದ ದಾರಿಯಲ್ಲೇ.

‘ನಾಗರಹಾವು’ ತೆರೆಗೆ ಬಂದದ್ದು 1972ರಲ್ಲಿ. ಅದನ್ನು ಶಿವಮೊಗ್ಗೆಯಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಟ್ಟಿಲ್ಲ. ಅದಕ್ಕೊಂದು ಪುಸ್ತಕವಿದೆ, ಒಂದಲ್ಲ, ‘ನಾಗರಹಾವು’, ‘ಎರಡು ಹೆಣ್ಣು ಒಂದು ಗಂಡು’, ‘ಸರ್ಪಮತ್ಸರ’ ಎಂದು ಮೂರು ಇವೆ ಎಂದು ತಿಳಿದದ್ದು ಮುಂಬಯಿಗೆ ಬಂದ ಮೇಲೆ, ಸಂಘದ ವಾಚನಾಲಯದ ಕಪಾಟಿನ ಎದುರು. ಮೂರನ್ನೂ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ಪುಟ್ಟಣ್ಣ ಕಣಗಾಲರು ಮಾಡಿದ ಚಿತ್ರ ತ.ರಾ.ಸು. ಅವರಿಗೆ ಒಪ್ಪಿಗೆಯಾಗಲಿಲ್ಲವೆಂಬುದನ್ನು ಚಿತ್ರರಸಿಕರೆಲ್ಲ ಕೇಳಿಯೇ ಇರುತ್ತೀರಿ. ಬರೆದವರಿಗೆ ಆ ಹಕ್ಕು ಉಂಟು. ಆದರೆ ಆ ಚಿತ್ರವಿಲ್ಲದಿದ್ದರೆ ಈ ಗುಮಾಸ್ತ ಅವರ ಮೂರು ಕಾದಂಬರಿಗಳನ್ನು ಮುಟ್ಟುತ್ತಿದ್ದನೆ? ಅಲ್ಲಿಂದ ‘ಹಂಸಗೀತೆ’ಗೆ ಹೋಗುತ್ತಿದ್ದನೆ?

ನಮ್ಮ ಮನೆಯಾಕೆಯದು ತದ್ವಿರುದ್ಧದ ದಾರಿ. ಆಕೆ ಮದುವೆಗೆ ಮುಂಚೆಯೇ ತ್ರಿವೇಣಿಯವರನ್ನು ಪೂರ್ತಿ ಓದಿಕೊಂಡು ಬಂದವಳು. ‘ಶರಪಂಜರ’ ನೋಡಿ ಬಂದ ದಿನ ನಾನು ಕಲ್ಪನಾರ ಅಭಿನಯವನ್ನು ಹೊಗಳಿದ್ದೇ ಹೊಗಳಿದ್ದು. ಆಕೆ ಅಕ್ಕಿ ಆರಿಸುತ್ತಾ, “ನನ್ನ ಕಾವೇರಿಗೆ ಅಷ್ಟೊಂದು ಸೀರೆ ಇರಲಿಲ್ಲ” ಎಂದಳು. ಹೀಗೆ ಒಂದೇ ವಾಕ್ಯದಲ್ಲಿ ವಿಮರ್ಶೆ ಮುಗಿಸುವವರನ್ನು ನಾನು ಮತ್ತೆ ಕಂಡಿಲ್ಲ. ಓದಿದವರ ನಷ್ಟವೇ ಇದು. ಪುಸ್ತಕದ ಕಾವೇರಿಗೆ ಓದುಗರೊಬ್ಬೊಬ್ಬರೂ ಒಂದೊಂದು ಮುಖ ಕೊಟ್ಟಿರುತ್ತಾರೆ. ಚಿತ್ರ ಬಂದ ಮೇಲೆ ಎಲ್ಲರಿಗೂ ಒಂದೇ ಮುಖ. ಚಾಮಯ್ಯ ಮೇಷ್ಟ್ರು ಎಂದರೆ ಇನ್ನು ಅಶ್ವತ್ಥರೇ, ಬೇರೆಯವರನ್ನು ಊಹಿಸಿಕೊಳ್ಳಲು ನೋಡಿ, ಆಗುವುದಿಲ್ಲ. ತ್ರಿವೇಣಿಯವರು 1963ರಲ್ಲೇ ತೀರಿಕೊಂಡರು. 1967ರ ‘ಬೆಳ್ಳಿಮೋಡ’ವನ್ನಾಗಲಿ, 1971ರ ‘ಶರಪಂಜರ’ವನ್ನಾಗಲಿ ಅವರು ನೋಡಲಿಲ್ಲ. ತಮ್ಮ ಕಾವೇರಿಯನ್ನು ಅವರು ಅಲ್ಲಿ ಗುರುತಿಸುತ್ತಿದ್ದರೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಇಂದಿಗೂ ತೀರ್ಮಾನವಾಗದ ವ್ಯಾಜ್ಯ.

ಇಷ್ಟು ವರ್ಷ ನೋಡುತ್ತಾ, ಓದುತ್ತಾ ಬಂದು ನನಗೆ ಹೊಳೆದದ್ದು ಒಂದಿದೆ. ತೆರೆಯ ಮೇಲೆ ಸಣ್ಣಕಥೆ ಹಿಗ್ಗುತ್ತದೆ, ದೊಡ್ಡ ಕಾದಂಬರಿ ಕುಗ್ಗುತ್ತದೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಒಂದು ಕಥೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಿತ್ರ ಮಾಡಿದಾಗ ಅದರೊಳಗೆ ಉಸಿರಾಡಲು ಬೇಕಾದಷ್ಟು ಜಾಗವಿತ್ತು. ಮಠದಂಥ ಆ ಮನೆಯ ಕತ್ತಲೆ, ವೇದ ಕಲಿಯಲು ಬಂದ ಪುಟ್ಟ ನಾಣಿಯ ಹೆದರಿಕೆ, ಬಸಿರಾದ ವಿಧವೆ ಯಮುನಕ್ಕನ ಮೌನ, ಇವನ್ನೆಲ್ಲ ಅವಸರವಿಲ್ಲದೆ ನೋಡಬಹುದಾಗಿತ್ತು. ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. 2024ರಲ್ಲಿ ಅದರ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ 1987ರ ‘ತಬರನ ಕಥೆ’ಯೂ ಹಾಗೆಯೇ. ನಿವೃತ್ತನಾದ ಜವಾನ ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಆ ಚಿತ್ರವನ್ನು ಬ್ಯಾಂಕಿನ ಕೌಂಟರಿನ ಒಳಗೆ ಕುಳಿತವನೊಬ್ಬ ನೋಡಿದರೆ ಹೇಗಿರುತ್ತದೆ ಎಂಬುದನ್ನು ಬರೆಯಲು ಹೋದರೆ ಅದೇ ಬೇರೊಂದು ಲೇಖನವಾದೀತು. ತಬರನಾದ ಚಾರುಹಾಸನ್ ತಮಿಳರು. ಆ ಮುಖವನ್ನು ನೋಡುವಾಗ ಭಾಷೆ ಯಾವುದೆಂದು ಯಾರು ಕೇಳುತ್ತಾರೆ!

ಇನ್ನು ಕುಗ್ಗುವ ಮಾತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರ ಕಾದಂಬರಿ. ಅದನ್ನು ಗಿರೀಶ ಕಾರ್ನಾಡರು 1999ರಲ್ಲಿ ಚಿತ್ರ ಮಾಡಿದರು, ತಾವೇ ಚಂದ್ರಯ್ಯಗೌಡರಾದರು. ಚಿತ್ರ ಕೆಟ್ಟದಾಗಿತ್ತೆಂದು ಹೇಳಲಾರೆ. ಆದರೆ ನಾನು ಆ ಸೀಮೆಯವನು. ಆ ಕಾದಂಬರಿಯಲ್ಲಿ ಬೇಟೆನಾಯಿಗೂ, ಕಳ್ಳಿನ ಮಡಕೆಗೂ, ಮಳೆಗೂ, ಜಾರುವ ಗುಡ್ಡಕ್ಕೂ ಒಂದೊಂದು ಆಯುಸ್ಸಿದೆ. ಚಿತ್ರದಲ್ಲಿ ಕಥೆ ಉಳಿಯಿತು, ಕಾಡು ತೆಳ್ಳಗಾಯಿತು. ಗೌಡರ ಮನೆಯ ಜಗಳ ತಿಳಿಯಿತು. ಆ ಜಗಳದ ಸುತ್ತ ಎಷ್ಟು ಕತ್ತಲೆ ಇತ್ತೆಂಬುದು ತಿಳಿಯಲಿಲ್ಲ.

ಅದೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇನ್ನೂ ದೊಡ್ಡ ಕಾಡು. ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು 2010ರಲ್ಲಿ ಅದನ್ನು ರಂಗಕ್ಕೆ ತಂದಾಗ, ಸುಮಾರು ಒಂಬತ್ತು ಗಂಟೆಯ ನಾಟಕ ಎಂದು ಕೇಳಿ ನಾನೇ ನಕ್ಕಿದ್ದೆ. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿ ಆದಾಗ ಭಾವಮೈದುನನ ಒತ್ತಾಯಕ್ಕೆ ಹೋದೆ. ರಾತ್ರಿ ಕುಳಿತವರು ಬೆಳಗಾಗುವಾಗ ಎದ್ದೆವು. ನಡುವೆ ಪ್ರೇಕ್ಷಕರೇ ಎದ್ದು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ನಡೆಯಬೇಕು. ಚಳಿ, ಇಬ್ಬನಿ, ಪಕ್ಕದವರ ಶಾಲಿನ ಅಂಚು, ಕೈಯಲ್ಲಿ ಕಾಫಿ. ಗುತ್ತಿ ಆ ಮಲೆಯಲ್ಲಿ ನಡೆದು ನಡೆದು ದಣಿದಂತೆ ನಾವೂ ದಣಿದೆವು. ಆ ದಣಿವೇ ಕಾದಂಬರಿ ಎಂದು ನನಗೆ ಅನ್ನಿಸಿತು. ಸಿನಿಮಾದವನಾದ ನನಗೆ ಈ ಮಾತು ಬರೆಯುವುದು ಸ್ವಲ್ಪ ಕಷ್ಟವೇ. ಆದರೂ ದೊಡ್ಡ ಕಾದಂಬರಿಯನ್ನು ಕುಗ್ಗಿಸದೆ ಎತ್ತಿಕೊಂಡದ್ದನ್ನು ನಾನು ಕಂಡದ್ದು ರಂಗದ ಮೇಲೆಯೇ, ತೆರೆಯ ಮೇಲಲ್ಲ. 2021ರಲ್ಲಿ ಅದೇ ರಂಗಾಯಣ ಭೈರಪ್ಪನವರ ‘ಪರ್ವ’ವನ್ನೂ ಹೀಗೆಯೇ ಗಂಟೆಗಟ್ಟಲೆಯ ನಾಟಕ ಮಾಡಿತು.

ನಾಟಕವೇ ಸಿನಿಮಾ ಆದರೆ? ಅಲ್ಲಿ ತೊಡಕು ಬೇರೆ. ಕಾರ್ನಾಡರ ‘ನಾಗಮಂಡಲ’ವನ್ನು ನಮ್ಮ ಸಂಘದ ಹುಡುಗರು ಆಡಿದಾಗ ನಾನು ಪರದೆಯ ಹಿಂದೆ ಮಾತು ಎತ್ತಿಕೊಡುವವನಾಗಿದ್ದೆ. ಆಫೀಸು ಮುಗಿಸಿ ಡೊಂಬಿವಲಿಯಿಂದಲೂ ವಾಶಿಯಿಂದಲೂ ಮಾಟುಂಗಕ್ಕೆ ಬಂದು ಸೇರುತ್ತಿದ್ದ ತಂಡ. ಕೊನೆಯ ಗಾಡಿ ತಪ್ಪಿದರೆ ಸಭಾಭವನದ ಬೆಂಚೇ ಹಾಸಿಗೆ. ನಾಗನ ಪಾತ್ರಕ್ಕೆ ಹೆಗಲ ಮೇಲೊಂದು ಹಸಿರು ಶಾಲು, ಅಷ್ಟೆ. ಶಾಲು ಹೊದ್ದರೆ ನಾಗ, ತೆಗೆದರೆ ಅಪ್ಪಣ್ಣ. ಮುಂದಿನ ಸಾಲಿನ ಅಜ್ಜಿಯಂದಿರು ಒಂದು ಕ್ಷಣವೂ ಅನುಮಾನ ಪಡಲಿಲ್ಲ. ನಾಗಾಭರಣರು 1997ರಲ್ಲಿ ಮಾಡಿದ ಚಿತ್ರದಲ್ಲಿಯೂ ಒಬ್ಬರೇ ನಟ, ಪ್ರಕಾಶ್ ರೈ, ಎರಡೂ ಆಗುತ್ತಾರೆ, ಹಾಡುಗಳು ಇಂಪಾಗಿವೆ, ನಾನು ಮೆಚ್ಚಿದ ಚಿತ್ರವೇ ಅದು. ಆದರೆ ಕ್ಯಾಮರಾಕ್ಕೆ ಶಾಲು ಸಾಲದು. ಅದು ಹಾವನ್ನೂ ತೋರಿಸಬೇಕು, ಬಿಲವನ್ನೂ ತೋರಿಸಬೇಕು. ತೋರಿಸಿದಷ್ಟೂ ನಾವು ನಂಬಿಕೆ ಕಡಿಮೆ ಮಾಡಿಕೊಳ್ಳುತ್ತೇವೆ.

ಈಗ ನನ್ನ ತಕರಾರಿನ ಒಳಮನೆಗೆ ಬರುತ್ತೇನೆ.

“ಪುಸ್ತಕದ ಮುಂದೆ ಇದೇನೂ ಅಲ್ಲ” ಎನ್ನಲು ಮೊದಲು ಪುಸ್ತಕ ಓದಿರಬೇಕಷ್ಟೆ? ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳ ಮಾತೇನು? ನನ್ನ ಮಗಳು ಇಂಗ್ಲಿಷ್ ಶಾಲೆಯಲ್ಲಿ ಓದಿದಳು, ಅಂಗಳದಲ್ಲಿ ಮರಾಠಿಯಲ್ಲಿ ಆಡಿದಳು, ಮನೆಯಲ್ಲಿ ಕನ್ನಡ ಕೇಳಿದಳು. ಕಿವಿಗೆ ಕನ್ನಡ ಬಂತು, ಕಣ್ಣಿಗೆ ಬರಲಿಲ್ಲ. ಇಂಥ ಮನೆಗಳು ನಮ್ಮ ಸಂಘದಲ್ಲಿ ಎಷ್ಟಿವೆ ಎಂದು ಎಣಿಸಲು ಕೈಬೆರಳು ಸಾಲವು. ಆಕೆಯ ಪಾಲಿಗೆ ಶಿವರಾಮ ಕಾರಂತರೆಂದರೆ ಒಂದು ಚಿತ್ರ, ಅನಂತಮೂರ್ತಿಯವರೆಂದರೆ ಇನ್ನೊಂದು ಚಿತ್ರ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರ ಹಾಕುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ಬಂಗಾಳಿ, ಮಲಯಾಳಂ, ಒರಿಯಾ ಎಲ್ಲ ಆಗಿ ಕನ್ನಡದ ಸರದಿ ಬರುವ ತನಕ ಕಾಯುವುದು. ಬಂದ ದಿನ ಊಟ ಹನ್ನೆರಡಕ್ಕೇ ಮುಗಿಯಬೇಕು. ಅಂಥ ದಿನಗಳಲ್ಲಿ ಮೂಲದ ಕಥೆ ಕಪಾಟಿನಲ್ಲಿದ್ದರೆ ಹಿಂದಿನ ವಾರವಿಡೀ ರಾತ್ರಿ ನಾನೇ ಓದಿ ಹೇಳುತ್ತಿದ್ದೆ.

ಆರ್.ಕೆ. ನಾರಾಯಣರ ‘ಗೈಡ್’ 1965ರಲ್ಲಿ ಹಿಂದಿ ಚಿತ್ರವಾದಾಗ ಮಾಲ್ಗುಡಿಯನ್ನು ಮೈಸೂರು ಸೀಮೆಯಿಂದ ಎತ್ತಿ ರಾಜಸ್ಥಾನದಲ್ಲಿ ಇಟ್ಟರು. ನಾರಾಯಣರು ಇದರಿಂದ ನೊಂದು ಒಂದು ಪ್ರಬಂಧವನ್ನೇ ಬರೆದರು, ನಗಿಸುತ್ತಲೇ ಚುಚ್ಚುವ ಬರಹ ಅದು. ಮುಂದೆ ಶಂಕರನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಡಲು ಹೊರಟಾಗ ಆಗುಂಬೆಗೆ ಹೋದರು. ಮುಂಬಯಿಯ ರಂಗಭೂಮಿಯಲ್ಲಿ ಬೆಳೆದ ಹುಡುಗ ನಮ್ಮ ಘಟ್ಟವನ್ನು ಹುಡುಕಿಕೊಂಡು ಹೋದದ್ದನ್ನು ನಾನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಪಾತ್ರಗಳು ಆಡುತ್ತಿದ್ದುದು ಹಿಂದಿ. ಮೂಲ ಇಂಗ್ಲಿಷ್. ಆದರೆ ಆ ಜಗಲಿ, ಆ ಕಂಬ, ಮಾಡಿನಿಂದ ಸುರಿಯುವ ನೀರು! “ಅಪ್ಪ, ಇದು ಅಜ್ಜನ ಮನೆಯೇ?” ಎಂದು ಮಗಳು ಕೇಳಿದಳು. ಅಜ್ಜನ ಮನೆ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ಆ ಹೊತ್ತಿಗೆ ಅದು ಮಾರಾಟವಾಗಿ ಹೋಗಿತ್ತು. ನಾನು “ಹೂಂ” ಎಂದುಬಿಟ್ಟೆ.

ಆದರೆ ನನ್ನ ಮಗಳನ್ನು ಹಿಡಿದುಕೊಂಡ ಚಿತ್ರ ಅದಲ್ಲ, ‘ಚೋಮನ ದುಡಿ’. ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಉಳಲು ಎತ್ತುಗಳಿದ್ದೂ ತನ್ನದೆಂದು ಒಂದು ತುಂಡು ಭೂಮಿ ಸಿಗದ ಹೊಲೆಯರ ಚೋಮ. ಅವನ ಸಾಲ, ಸಾಯುತ್ತಾ ಹೋಗುವ ಮಕ್ಕಳು, ಮಗಳು ಬೆಳ್ಳಿ. ಪುಸ್ತಕದಲ್ಲಿ ಕಾರಂತರು ದುಡಿಯ ಶಬ್ದವನ್ನು ಮಾತಿನಲ್ಲಿ ಬರೆಯುತ್ತಾರೆ, ನಾವು ಒಳಗಿವಿಯಲ್ಲಿ ಕೇಳಿಕೊಳ್ಳಬೇಕು. ಚಿತ್ರದಲ್ಲಿ ಅದು ನಿಜವಾಗಿಯೇ ಬಡಿಯುತ್ತದೆ. ಬಿ.ವಿ. ಕಾರಂತರು ಮೊದಲಿಗೆ ನಾಟಕದ ಸಂಗೀತಗಾರರು; ಆ ಸೀಮೆಯಲ್ಲೇ ಹುಟ್ಟಿದವರು; ಎಲ್ಲಿ ಮಾತು ನಿಲ್ಲಬೇಕು, ಎಲ್ಲಿ ದುಡಿ ಶುರುವಾಗಬೇಕು ಎಂಬುದು ಅವರಿಗೆ ಗೊತ್ತಿತ್ತು. ಚೋಮನಾದ ವಾಸುದೇವರಾಯರು ಬಡಿಯುವಾಗ ಅವರ ಮುಖ ನೋಡಬೇಕೋ ಕೈ ನೋಡಬೇಕೋ ತಿಳಿಯುವುದಿಲ್ಲ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ಮಾತ್ರ ನಾನು ಸಿನಿಮಾದ ಪಕ್ಷವನ್ನು ಬಿಟ್ಟುಕೊಡುವುದಿಲ್ಲ. ಪುಸ್ತಕ ಕೊಡಲಾರದ್ದನ್ನು ಇದು ಕೊಟ್ಟಿತು.

‘ಫಣಿಯಮ್ಮ’ನದು ಇನ್ನೊಂದು ಬಗೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು 1983ರಲ್ಲಿ ಪ್ರೇಮಾ ಕಾರಂತರು ಚಿತ್ರ ಮಾಡಿದರು. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡು ದೀರ್ಘಕಾಲ ಬಾಳಿದ ಮಲೆನಾಡಿನ ಹೆಂಗಸಿನ ಕಥೆ. ಒಂದು ಭಾನುವಾರ ಪ್ರದರ್ಶನಕ್ಕೆ ನಮ್ಮ ಪಕ್ಕದ ಮನೆಯ ಮರಾಠಿ ಅಜ್ಜಿಯನ್ನು ಮನೆಯಾಕೆ ಜೊತೆಗೆ ಕರೆತಂದಿದ್ದಳು. ಕನ್ನಡ ಬಾರದು, ಕೆಳಗಿನ ಇಂಗ್ಲಿಷ್ ಅಕ್ಷರವೂ ಬಾರದು. ಆಕೆ ಕೊನೆಯ ತನಕ ಒಂದು ಮಾತೂ ಕೇಳದೆ ಕುಳಿತಿದ್ದರು. ಬಸ್ಸಿನಲ್ಲಿ ಬರುವಾಗ ಮೆಲ್ಲಗೆ, “ನನ್ನ ದೊಡ್ಡತ್ತೆಯೂ ಹೀಗೆಯೇ ಇದ್ದರು, ಕೊಂಕಣದಲ್ಲಿ” ಎಂದರು. ನಮ್ಮ ಮನೆಗೆ ಬಂದು ಪುಸ್ತಕವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಮುಚ್ಚಿದ ರಟ್ಟನ್ನೇ ನೋಡುತ್ತಿದ್ದರು. ಪುಸ್ತಕವೊಂದೇ ಇದ್ದಿದ್ದರೆ ಆ ಅಜ್ಜಿಗೂ ಫಣಿಯಮ್ಮನಿಗೂ ಭೇಟಿಯಾಗುತ್ತಿರಲಿಲ್ಲ. ನಮ್ಮ ಬಳಗದ ಗೆಳೆಯರಿಗೆ ನಾನು ಇಡುವ ಮುಖ್ಯ ಸಾಕ್ಷಿ ಇದೇ. ಅವರು ಈ ತನಕ ಇದಕ್ಕೆ ಉತ್ತರ ಕೊಟ್ಟಿಲ್ಲ. “ಅದು ಬೇರೆ ವಿಷಯ” ಎನ್ನುತ್ತಾರೆ.

ಮಗಳಿಗೆ ಈಗ ನಲವತ್ತು ದಾಟಿದೆ, ಪುಣೆಯಲ್ಲಿದ್ದಾಳೆ. ಕಳೆದ ವರ್ಷ ತಾನಾಗಿಯೇ ಅಕ್ಷರ ಕಲಿಯತೊಡಗಿದಳು. ನಾನು ಹೇಳಿದ್ದಲ್ಲ. ಯಾವ ಪುಸ್ತಕದಿಂದ ಶುರು ಮಾಡುತ್ತೀ ಎಂದರೆ ‘ಚೋಮನ ದುಡಿ’ ಎಂದಳು, ತೆಳ್ಳಗಿದೆ, ಕಥೆ ಗೊತ್ತಿದೆ, ಎಡವಿದರೂ ದಾರಿ ತಪ್ಪುವುದಿಲ್ಲ ಎಂದು. ದಿನಕ್ಕೆ ಅರ್ಧ ಪುಟ. ಒತ್ತಕ್ಷರ ಬಂದಲ್ಲಿ ಗಾಡಿ ನಿಲ್ಲುತ್ತದೆ. ತಿಳಿಯದ ಶಬ್ದಗಳನ್ನು ಫೋನಿನಲ್ಲಿ ಕೇಳುತ್ತಾಳೆ. ಕೆಲವು ಕರಾವಳಿಯ ಶಬ್ದಗಳು ಘಟ್ಟದ ಮೇಲಿನ ನನಗೂ ತಿಳಿಯವು. ಹೋದ ವಾರ ಅಂಥದೊಂದು ಬಂತು. ಬಂಟ್ವಾಳದ ಕಡೆಯವರೊಬ್ಬರು ನಮ್ಮ ಸಂಘದಲ್ಲಿದ್ದಾರೆ, ಅವರನ್ನು ಕೇಳಿದೆ. ಅವರು ಒಂದಲ್ಲ, ಮೂರು ಅರ್ಥ ಹೇಳಿದರು. ಜೊತೆಗೆ ತುಳುವಿನಲ್ಲಿ ಒಂದು. ನಾಲ್ಕನ್ನೂ ಬರೆದು ಮಗಳಿಗೆ ಕಳುಹಿಸಿದ್ದೇನೆ. ಆಕೆ ಈಗ ಇಪ್ಪತ್ತೆರಡನೆಯ ಪುಟದಲ್ಲಿದ್ದಾಳೆ.